ಕಾವಲು ಬಿಟ್ಟ ಕರಿಯಜ್ಜ

ಹೊಳೆಯಂಚಿನ ಒಂದು ಕಾಡಿನಲ್ಲಿ ಕರಿಯಜ್ಜನೆಂಬ ಮುದಿ ಮುಸುವ ಕೋತಿ ಇದ್ದ. ಬಸರಿ ಮರದ ತುದಿಯಲ್ಲಿ ಕೂತು ಕಾವಲು ಕಾಯುವುದು ಅವನ ಕೆಲಸ. ಚಿರತೆಯ ಸುಳಿವು ಸಿಕ್ಕರೆ ಸಾಕು, ಕಾಡು ಬೆಚ್ಚುವಂತೆ ಕೂಗುತ್ತಿದ್ದ. ಆ ಕೂಗನ್ನು ನಂಬಿ ಕೆಳಗೆ ಜಿಂಕೆಗಳು ನಿಶ್ಚಿಂತೆಯಿಂದ ಮೇಯುತ್ತಿದ್ದವು. ಮರದ ಬುಡದಲ್ಲಿ ವನದೇವಿಯ ಕಲ್ಲಿತ್ತು. ಕರಿಯಜ್ಜ ದಿನಾ ಅದಕ್ಕೊಂದು ಹೂವಿಟ್ಟು, ಕೈಮುಗಿದು, ಆಮೇಲೆಯೇ ಮರ ಹತ್ತುತ್ತಿದ್ದ.

ಆ ಕಾಡಿನಲ್ಲಿ ಒಂದು ನರಿಯಿತ್ತು. ಚಿರತೆ ತಿಂದು ಬಿಟ್ಟದ್ದೇ ಅದರ ಊಟ. ಅಜ್ಜನ ಕೂಗಿನಿಂದ ಚಿರತೆಗೆ ಬೇಟೆ ಸಿಗುತ್ತಿರಲಿಲ್ಲ, ನರಿಯ ಹೊಟ್ಟೆಯೂ ತುಂಬುತ್ತಿರಲಿಲ್ಲ.

ಒಂದು ದಿನ ನರಿ ಬಂದು ಅಜ್ಜನಿಗೆ ಅಡ್ಡಬಿತ್ತು. "ಅಜ್ಜಾ, ನಿಮ್ಮಂಥ ಭಕ್ತರನ್ನು ನಾನು ಕಂಡಿಲ್ಲ. ಆದರೂ ಒಂದು ಸಂಶಯ. ಎಲ್ಲರನ್ನೂ ಕಾಯುವವಳು ಆ ತಾಯಿ. ನೀವೂ ಮರವೇರಿ ಕಾದರೆ, ಅವಳನ್ನು ನಂಬಿಲ್ಲ ಎಂದಾಗಲಿಲ್ಲವೆ?"

ಕರಿಯಜ್ಜನಿಗೆ ಮಾತು ನಾಟಿತು. "ಹಾಗಾದರೆ ಏನು ಮಾಡಲಿ?"

"ಕಣ್ಮುಚ್ಚಿ ಧ್ಯಾನ ಮಾಡಿ. ಮಿಕ್ಕಿದ್ದು ಅವಳಿಗೆ ಬಿಡಿ."

ಮುದಿ ಮೈಗೆ ಮರ ಹತ್ತುವುದೂ ಕಷ್ಟವಾಗಿತ್ತು. ಮರುದಿನ ಅವನು ಕಲ್ಲಿನ ಮುಂದೆಯೇ ಕಣ್ಮುಚ್ಚಿ ಕೂತ.

ಚೀರಾಟ ಕೇಳಿ ಕಣ್ಣು ತೆರೆದಾಗ ಎಲ್ಲ ಮುಗಿದಿತ್ತು. ಹುಲ್ಲಿನ ಮೇಲೆ ರಕ್ತವಿತ್ತು. ಹೊನ್ನವ್ವ ಎಂಬ ಜಿಂಕೆಯ ಎಳೆಯ ಮರಿಯನ್ನು ಚಿರತೆ ಹೊತ್ತೊಯ್ದಿತ್ತು.

ಹೊನ್ನವ್ವ ಅವನೆದುರು ಬಂದು ನಿಂತಳು. "ಅಜ್ಜಾ, ಯಾಕೆ ಕೂಗಲಿಲ್ಲ?"

"ಧ್ಯಾನದಲ್ಲಿದ್ದೆ, ತಾಯಿ. ಎಲ್ಲ ದೇವಿಯ ಇಚ್ಛೆ."

"ನನ್ನ ಕೂಸಿನ ಸಾವನ್ನು ಆ ತಾಯಿಯ ತಲೆಗೆ ಕಟ್ಟಬೇಡ! ಅವಳು ನಿನಗೆ ಕಣ್ಣು ಕೊಟ್ಟಿದ್ದಳು, ಗಂಟಲು ಕೊಟ್ಟಿದ್ದಳು. ಎರಡನ್ನೂ ಮುಚ್ಚಿಕೊಂಡು ಕೂತವನು ನೀನು."

ಅವಳು ಹೋದ ಮೇಲೆ ಕರಿಯಜ್ಜ ಕಲ್ಲಿನ ಮುಂದೆ ಕುಸಿದು, "ತಪ್ಪು ನನ್ನದು ತಾಯೇ, ನನ್ನದೇ" ಎಂದು ಅತ್ತ. ಆಮೇಲೆ ಎದ್ದು, ನೋಯುವ ಕಾಲಲ್ಲೇ ಮರ ಹತ್ತಿದ.

ಇತ್ತ ನರಿಗೆ ಒಮ್ಮೆ ಉಂಡ ರುಚಿ ಬಿಡಲಿಲ್ಲ. "ಬನ್ನಿ ಒಡೆಯಾ, ಮುದುಕ ಜಪದಲ್ಲಿ ಮುಳುಗಿದ್ದಾನೆ. ದಾರಿ ನಾನು ತೋರಿಸುತ್ತೇನೆ" ಎಂದು ಚಿರತೆಯನ್ನು ಮತ್ತೆ ಕರೆತಂದಿತು. ಹುಲ್ಲು ಅಲುಗಿದ್ದೇ ತಡ, ಮರದ ತುದಿಯಿಂದ ಕರಿಯಜ್ಜ ಕೂಗಿದ. ಕ್ಷಣದಲ್ಲಿ ಜಿಂಕೆಗಳು ಚದುರಿ ಮರೆಯಾದವು.

ಹಸಿದ ಚಿರತೆ ನರಿಯ ಕಡೆ ತಿರುಗಿತು. "ನನ್ನನ್ನೇ ಏಮಾರಿಸಿದೆಯಾ?" ಎಂದು ಗುಡುಗಿ ಪಂಜ ಬೀಸಿತು. ನರಿ ಮುರಿದ ಕಾಲೆಳೆದುಕೊಂಡು ಕಾಡು ಬಿಟ್ಟು ಓಡಿತು. ಮತ್ತೆ ಆ ಕಡೆ ಸುಳಿಯಲಿಲ್ಲ.

ಉಳಿದ ಜಿಂಕೆಗಳು ಮರದ ಬುಡಕ್ಕೆ ಮರಳಿದವು. ಹೊನ್ನವ್ವ ಮಾತ್ರ ಬಹಳ ಕಾಲ ದೂರದಲ್ಲೇ, ತಲೆಯೆತ್ತಿ ಅತ್ತಿತ್ತ ನೋಡುತ್ತಲೇ ಮೇಯುತ್ತಿದ್ದಳು. ಕರಿಯಜ್ಜ ಅವಳನ್ನು ಕರೆಯಲಿಲ್ಲ. ಕ್ಷಮೆ ಕೇಳುವ ಬಾಯಿ ತನಗಿಲ್ಲವೆಂದು ಅವನಿಗೆ ಗೊತ್ತಿತ್ತು. ಬಿಸಿಲಿರಲಿ ಗಾಳಿಯಿರಲಿ, ತನ್ನ ಕಾವಲು ಕಾದ.

ಒಂದು ಮುಂಜಾನೆ ಹೊನ್ನವ್ವ ಮೆಲ್ಲಗೆ ಬಂದು ಮರದ ಕೆಳಗೆ ನಿಂತಳು. ಅತ್ತಿತ್ತ ನೋಡದೆ, ತಲೆ ತಗ್ಗಿಸಿ ಹುಲ್ಲು ಮೇಯತೊಡಗಿದಳು.

ನೀತಿ: ದೇವರ ಮೇಲೆ ಭಾರ ಹಾಕಿ ತನ್ನ ಕರ್ತವ್ಯ ಬಿಟ್ಟವನ ತಪ್ಪಿಗೆ ಅವನೇ ಹೊಣೆ.