ಕುರಿಗಾಹಿಯ ಗುಲ್ಮ

"ಗುರುಗಳೇ, ಗುಲ್ಮದಲ್ಲಿ, ಅಂದರೆ ಸ್ಪ್ಲೀನಿನಲ್ಲಿ, ಕೀವು ತುಂಬಿದರೆ ಹೊಟ್ಟೆ ಕೊಯ್ದು ಗುಲ್ಮವನ್ನೇ ತೆಗೆಯುವುದು ದೊಡ್ಡದೋ, ಹೊರಗಿನಿಂದ ಸೂಜಿ ಹಾಕಿ ಕೀವು ಬಸಿಯುವುದು ದೊಡ್ಡದೋ?" ಎಂದು ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದ ಶಿಷ್ಯನೊಬ್ಬ ಕೇಳಿದ.

ಗುರುಗಳು ಮೀಸೆ ತಿರುವಿ ಹೇಳಿದರು:

ಒಬ್ಬ ಶಸ್ತ್ರವೈದ್ಯನಿದ್ದ. ಕೈಚಳಕದಲ್ಲಿ ಲೋಕಕ್ಕೇ ಎರಡನೆಯವನು. ಮೊದಲನೆಯವನು ಯಾರೆಂದು ನನ್ನ ಬಾಯಿಂದ ಹೇಳಿಸಬೇಡ. ಅವನು ಗುಲ್ಮ ತೆಗೆದು ಹೊಲಿಗೆ ಮುಗಿಸಿದರೂ ಕ್ಯಾಂಟೀನಿಗೆ ಹೇಳಿದ ಚಹಾ ಬಂದಿರುತ್ತಿರಲಿಲ್ಲ.

ಅವನ ಬಳಿಗೆ ಒಬ್ಬ ಕುರಿಗಾಹಿ ಬಂದ. ಎಡ ಪಕ್ಕೆಲುಬಿನ ಕೆಳಗೆ ನೋವು, ಇಪ್ಪತ್ತು ದಿನದ ಜ್ವರ. ಸ್ಕ್ಯಾನ್ ಮಾಡಿದರೆ ಗುಲ್ಮದೊಳಗೆ ನಿಂಬೆ ಗಾತ್ರದ ಒಂದೇ ಕೀವಿನ ಗೂಡು. ನಾಲ್ಕಾರು ಇದ್ದಿದ್ದರೆ, ಒಡೆದಿದ್ದರೆ, ಮಾತೇ ಬೇರೆಯಾಗುತ್ತಿತ್ತು.

"ನಾಳೆ ಗುಲ್ಮ ತೆಗೆಯುತ್ತೇನೆ," ಎಂದ ವೈದ್ಯ. "ಆಮೇಲೆ ಮೈಗೆ ರೋಗ ತಡೆಯುವ ಕಾವಲು ಕಡಿಮೆ. ಜ್ವರ ಬಂದ ಗಳಿಗೆಯೇ ಆಸ್ಪತ್ರೆಗೆ ಓಡಿ ಬರಬೇಕು."

"ಎಂಟು ತಿಂಗಳು ಕುರಿ ಹಿಂದ ಅಡವ್ಯಾಗ ಇರತೀನ್ರೀ ಸಾಹೇಬ್ರ. ಓಡಿ ಬರೂದ್ರಾಗ ಸತ್ತು ಹೋಗಿರತೀನಿ. ಕುರಿ ಕಾಲಾಗ ಕೀವಾದ್ರ ನಾವು ಚುಚ್ಚಿ ತಗೀತೀವಿ, ಕಾಲು ಕಡಿಯಂಗಿಲ್ರೀ."

ವೈದ್ಯ ನಕ್ಕ. "ಗುಲ್ಮವೆಂದರೆ ರಕ್ತ ತುಂಬಿದ ಚೀಲ ಮಾರಾಯ. ಸೂಜಿ ಕೂದಲೆಳೆಯಷ್ಟು ತಪ್ಪಿದರೂ ನೆತ್ತರು ನಿಲ್ಲುವುದಿಲ್ಲ." ನಕ್ಕನೇನೋ ಸರಿ, ಅಂದು ಅವನಿಗೆ ಊಟ ಸೇರಲಿಲ್ಲ.

ಮರುದಿನ ಸ್ಕ್ಯಾನ್ ವೈದ್ಯೆಯನ್ನು ಕರೆಸಿ, ಸೂಜಿ ಹಾಕಿ ಕೀವು ಬಸಿಯಲು ಹೇಳಿದ. "ಗುಲ್ಮಕ್ಕೆ ನಾನು ಸೂಜಿ ಹಾಕಿದವಳೇ ಅಲ್ಲ ಸರ್. ನೆತ್ತರು ಹರಿದರೆ?" ಎಂದಳು ಆಕೆ. ಅವನು ಕೈಗಳನ್ನು ಮೊಣಕೈವರೆಗೆ ಉಜ್ಜಿ ಉಜ್ಜಿ ತೊಳೆದ. ಕೈಗವಸು ತೊಟ್ಟ. ಹೊಟ್ಟೆ ಕೊಯ್ಯಲು ಬೇಕಾದ ಕತ್ತರಿ, ಇಕ್ಕಳ ಎಲ್ಲ ಹರವಿಸಿದ. ಎರಡೂ ಕೈಗಳನ್ನು ಎದೆಯ ಮುಂದೆ ಹಿಡಿದು ಪಕ್ಕದಲ್ಲಿ ನಿಂತ.

ಆಕೆ ಪರದೆಯಿಂದ ಕಣ್ಣು ಕೀಳದೆ ಸೂಜಿ ಇಳಿಸಿದಳು. ಯಾರೂ ಉಸಿರಾಡಲಿಲ್ಲ. ಗೋಡೆಯ ಗಡಿಯಾರವೂ ನಿಂತಿತ್ತಂತೆ. ಇದು ನಾನು ಸೇರಿಸಿದ್ದಲ್ಲ. ಸಿರಿಂಜಿನಲ್ಲಿ ಹಳದಿ ಕೀವು ಮೇಲೇರಿತು. ನೆತ್ತರಿರಲಿಲ್ಲ. ಸಣ್ಣ ಕೊಳವೆಯೊಂದನ್ನು ಒಳಗೆ ಬಿಟ್ಟರು, ಔಷಧ ಕೊಟ್ಟರು, ಕಾದರು. ಜ್ವರ ಇಳಿಯಿತು, ಕೊಳವೆ ತೆಗೆದರು. ಮೂರನೆಯ ವಾರ ಕುರಿಗಾಹಿ ತನ್ನ ಗುಲ್ಮ ಹೊತ್ತುಕೊಂಡೇ ಅಡವಿಗೆ ನಡೆದ.

ಶಿಷ್ಯ ಹಿಗ್ಗಿದ. "ಹಾಗಾದರೆ ಸೂಜಿಯೇ ದೊಡ್ಡದು. ಶಸ್ತ್ರವೈದ್ಯ ಏನೂ ಮಾಡದೆ ಬರಿದೇ ನಿಂತಿದ್ದನಲ್ಲ!"

ಗುರುಗಳ ಮೀಸೆಯಡಿಯ ನಗು ಮಾಯವಾಯಿತು.

"ಅವನು ಹಾಗೆ ನಿಂತಿರದಿದ್ದರೆ ಆಕೆ ಸೂಜಿಯನ್ನು ಕೈಗೆ ತೆಗೆದುಕೊಳ್ಳುತ್ತಲೇ ಇರಲಿಲ್ಲ."