ಕಹಿ ಉಪ್ಪಿಗೆ ಜಾಗ ಕೊಟ್ಟ ಸುಣ್ಣಕಲ್ಲು

ಆಗಿನ್ನೂ ಭೂಮಿಗೆ ಹಸಿರು ಬಣ್ಣ ಹತ್ತಿರಲಿಲ್ಲ, ಮಗೂ. ಹುಲ್ಲಿಲ್ಲ, ಹಕ್ಕಿಯಿಲ್ಲ. ನಾವೀಗ ಜೋಳ ಬಿತ್ತುವ ಈ ಸೀಮೆಯ ತುಂಬ ಬೆಚ್ಚಗಿನ, ಆಳವಿಲ್ಲದ ಕಡಲೊಂದು ಮಲಗಿತ್ತು.

ಕಡಲ ತಳದಲ್ಲಿ ಸುಣ್ಣಕಲ್ಲು ಇದ್ದಳು. ಬೆಳ್ಳಗೆ, ಹಾಲಿನ ಕೆನೆಯ ಹಾಗೆ ಪದರ ಪದರವಾಗಿ ಇದ್ದಳು. ಅಲೆ ತೂಗುತ್ತಿತ್ತು, ಅವಳು ನಿದ್ದೆ ಮಾಡುತ್ತಿದ್ದಳು.

ಅದೇ ನೀರಿನಲ್ಲಿ ಕಹಿ ಉಪ್ಪು ಕರಗಿಕೊಂಡಿದ್ದ. ಅವನ ರುಚಿ ಯಾರಿಗೂ ಸೇರುತ್ತಿರಲಿಲ್ಲ.

ಬಿಸಿಲು ಕಾಯಿತು. ವರ್ಷ ವರ್ಷ ಕಾಯಿತು. ಕಡಲು ಸೊರಗಿತು.

"ನಾನಿನ್ನು ಹೆಚ್ಚು ದಿನ ಇರುವುದಿಲ್ಲ, ಕಹಿ ಉಪ್ಪೇ," ಎಂದಿತು ಕಡಲು. "ಎಲ್ಲಾದರೂ ಜಾಗ ನೋಡಿಕೋ. ಇಲ್ಲದಿದ್ದರೆ ಗಾಳಿ ನಿನ್ನನ್ನು ಧೂಳು ಮಾಡಿ ಹಾರಿಸುತ್ತದೆ. ನೀನು ರಾಶಿಯಾಗಿ ಬಿದ್ದಲ್ಲಿ ಮುಂದೆಂದೂ ಒಂದು ಗರಿಕೆಯೂ ಹುಟ್ಟುವುದಿಲ್ಲ."

ಕಹಿ ಉಪ್ಪು ಮರಳನ್ನು ಕೇಳಿದ. "ನಿನ್ನನ್ನು ಸೇರಿಸಿಕೊಳ್ಳಲಾರೆ," ಎಂದಿತು ಮರಳು. ಜೇಡಿಮಣ್ಣನ್ನು ಕೇಳಿದ. ಅದು ಮುಖ ತಿರುಗಿಸಿಕೊಂಡಿತು.

ಕೊನೆಗೆ ಸುಣ್ಣಕಲ್ಲಿನ ಹತ್ತಿರ ಬಂದ. "ಅಕ್ಕಾ, ನಾನು ಕಹಿ."

"ಇರಲಿ ತಮ್ಮಾ. ಆದರೆ ನನ್ನ ಮನೆ ತುಂಬಿದೆ. ನೀನು ಕೂರಬೇಕಾದರೆ ನನ್ನವರಲ್ಲಿ ಅರ್ಧ ಜನ ಏಳಬೇಕು."

ತನ್ನ ಮೈಯನ್ನು ತಾನೇ ಬಿಡಿಸಲು ಸುಣ್ಣಕಲ್ಲಿಗೆ ಭಯವಾಯಿತು. ಆಮೇಲೆ ತನ್ನ ಸುಣ್ಣದ ಕಣಗಳಿಗೆ ಮೆಲ್ಲಗೆ ಹೇಳಿದಳು: "ಒಂದು ಸಾಲು ಬಿಟ್ಟು ಒಂದು ಸಾಲು ಏಳಿ, ಮಕ್ಕಳೇ."

ಎದ್ದವರು ನೀರಿನ ಜೊತೆ ಹೊರಟುಹೋದರು. ಒಂದು ಸಾಲು ಸುಣ್ಣ, ಒಂದು ಸಾಲು ಕಹಿ ಉಪ್ಪು, ಹಾಗೆ ಅವನು ಒಳಗೆ ಕುಳಿತ. ಬಂದವನದು ಎದ್ದುಹೋದವರಿಗಿಂತ ಚಿಕ್ಕ ಮೈ. ಅದಕ್ಕೆ ಅವಳು ಕುಗ್ಗಿದಳು, ಅಲ್ಲಲ್ಲಿ ಸಣ್ಣ ಸಣ್ಣ ತೂತು ಬಿದ್ದವು. ಬಿಳುಪು ಮಾಸಿ ಬೂದು ಬಣ್ಣ ಬಂತು.

"ನೋವಾಯಿತೇ ಅಕ್ಕಾ?"

"ಆಯಿತು. ನೀನು ಗಟ್ಟಿಯಾಗಿ ಹಿಡಿದುಕೋ."

ಕಡಲು ಆರಿತು. ಗಾಳಿ ಬಂದು ಹುಡುಕಿತು. ಹಾರಿಸಲು ಏನೂ ಸಿಗಲಿಲ್ಲ.

ಎಷ್ಟೋ ಕಾಲ ಕಳೆಯಿತು. ಮನುಷ್ಯರು ಬಂದರು. ಬಾಳವ್ವ ಎಂಬ ಹೆಂಗಸು ಗುಡ್ಡದ ಕೆಂಪು ಮಣ್ಣಿನಲ್ಲಿ ಜೋಳ ಬಿತ್ತಿದಳು. ಆ ಮಣ್ಣು ಹುಳಿ. ಎಲೆಗಳು ಹಳದಿಯಾದವು, ತೆನೆ ಕಟ್ಟಲಿಲ್ಲ. ಅವಳು ಆ ಬೂದು ಕಲ್ಲಿನ ಮೇಲೆ ಕುಳಿತು ಅತ್ತಳು.

"ಯಾಕವ್ವಾ?" ಎಂದಳು ಕಲ್ಲು.

"ಮುಂದಿನ ಸಲನೂ ಹಿಂಗಾದ್ರ ನನ್ನ ಕೂಸಿಗೆ ಏನ್ ಉಣಿಸ್ಲಿ?"

ಕಲ್ಲಿನೊಳಗಿಂದ ಕಹಿ ಉಪ್ಪು ಹೇಳಿದ: "ಅಕ್ಕಾ, ಎಲೆಗೆ ಹಸಿರು ಬರಲು ನಾನು ಬೇಕು."

"ಹಾಗಾದರೆ ಮಣ್ಣಿನ ಹುಳಿಯನ್ನು ನಾನು ತೆಗೆಯುತ್ತೇನೆ," ಎಂದಳು ಸುಣ್ಣಕಲ್ಲು. "ಬಾಳವ್ವಾ, ನಮ್ಮನ್ನು ಕುಟ್ಟಿ ಹೊಲಕ್ಕೆ ಹಾಕು."

ಬಾಳವ್ವ ಕುಟ್ಟಿದಳು. ಅಂಗೈಯಲ್ಲಿ ಬೊಬ್ಬೆ ಬಂದರೂ ಕುಟ್ಟಿದಳು. ಪುಡಿಯನ್ನು ಹೊಲದ ತುಂಬ ಎರಚಿದಳು. ಮರುವರ್ಷ ಎಲೆಗಳು ಗಿಣಿಯ ರೆಕ್ಕೆಯಂತೆ ಹಸಿರಾದವು. ಕೂಸು ಹೊಟ್ಟೆ ತುಂಬ ಉಂಡಿತು.

ಈಗ ಆ ಕಲ್ಲನ್ನು ಡಾಲಮೈಟ್ ಎನ್ನುತ್ತಾರೆ. ಲಾರಿಗಳಲ್ಲಿ ತುಂಬಿ ಉಕ್ಕು ಕಾಯಿಸುವ ಕುಲುಮೆಗೂ, ಗಾಜು ಮಾಡುವಲ್ಲಿಗೂ ಒಯ್ಯುತ್ತಾರೆ.

ಒಳಗಿನ ಕಹಿ ಉಪ್ಪು ಇಂದಿಗೂ ಅಕ್ಕನ ಕೈ ಬಿಟ್ಟಿಲ್ಲ. ಅದಕ್ಕೇ ಮಗೂ, ನಿಂಬೆರಸ ಬಿದ್ದೊಡನೆ ಬಿಳಿ ಸುಣ್ಣಕಲ್ಲು ಬುಸ್ಸೆಂದು ನೊರೆಯುಕ್ಕಿಸಿದರೆ, ಈ ಕಲ್ಲು ಸುಮ್ಮನೆ ಇರುತ್ತದೆ. ಕೆರೆದು ಪುಡಿ ಮಾಡಿದರಷ್ಟೇ, ನಿದ್ದೆಗಣ್ಣಿನಲ್ಲಿ ಉಸಿರಾಡಿದ ಹಾಗೆ, ಒಂದೊಂದೇ ಗುಳ್ಳೆ ಬಿಡುತ್ತದೆ.