ಹಗಲುದೀಪದ ದಿಬ್ಬ

ಕೊಪ್ಪರಗಟ್ಟಿ ಪೇಟೆಯನ್ನು ದಾಟಿ ಪಡುವಣಕ್ಕೆ ಅರ್ಧ ಹರಿದಾರಿ ನಡೆದರೆ ಎರೆಹೊಲಗಳ ನಡುವೆ ಒಂದು ಬೋಳು ದಿಬ್ಬ ಎದುರಾಗುತ್ತದೆ. ನೆತ್ತಿಯ ಮೇಲೆ ಮೊಣಕಾಲೆತ್ತರದ ಕಲ್ಲುಗೂಡು. ಸುತ್ತ ಜಾಲಿ, ಉತ್ತರಾಣಿ. ಸರಕಾರದ ನಕಾಶೆಯಲ್ಲಿ ಇದಕ್ಕೆ ಬರೀ ಸರ್ವೆ ನಂಬರು. ಊರವರ ಬಾಯಲ್ಲಿ ಇದು ಹಗಲುದೀಪದ ದಿಬ್ಬ.

ಹಿಂದೆ ಒಮ್ಮೆ ಈ ಪೇಟೆ ಕಣಗಲಿ ಶೆಟ್ಟರ ಲೇವಾದೇವಿ ಪೇಢಿಯ ಮಾತಿನ ಮೇಲೆ ನಡೆಯುತ್ತಿತ್ತು ಎನ್ನುತ್ತಾರೆ. ಅಜ್ಜ ಎತ್ತಿನ ಮೇಲೆ ಉಪ್ಪು ಹೇರಿಕೊಂಡು ಬಂದವನು. ಮಗ ಹುಂಡಿ ವ್ಯವಹಾರ ಕಲಿತವನು. ಮೊಮ್ಮಗ ವಿರೂಪಣ್ಣನ ಕಾಲಕ್ಕೆ ಶೆಟ್ಟರ ಚೀಟಿ ತೋರಿಸಿದರೆ ಮುಂಬಯಿಯಲ್ಲಿ ಬೆಳ್ಳಿ ಎಣಿಸಿಕೊಡುತ್ತಿದ್ದರು. ಇನಾಮದಾರರಿಂದ ಹಿಡಿದು ನೂಲುವ ಹೆಂಗಸರವರೆಗೆ ಎಲ್ಲರ ಗಂಟೂ ಅದೇ ಪೇಢಿಯಲ್ಲಿತ್ತು. ಆಗ ಕಡಲಾಚೆ ಅಮೆರಿಕದಲ್ಲಿ ದಾಯಾದಿ ಯುದ್ಧ ಶುರುವಾಗಿ, ಅಲ್ಲಿಯ ಅರಳೆ ಬರುವುದು ನಿಂತಿತು. ಇಲ್ಲಿಯ ಅರಳೆಗೆ ಚಿನ್ನದ ಬೆಲೆ ಬಂತು. ವಿರೂಪಣ್ಣ ಇದ್ದದ್ದನ್ನೆಲ್ಲ ಅರಳೆಗೆ ಸುರಿದ. ನಾಲ್ಕು ವರ್ಷಕ್ಕೆ ಯುದ್ಧ ನಿಂತು ಬೆಲೆ ಕುಸಿಯಿತು. ಮುಂಬಯಿಯ ಪಾಲುದಾರ ಮುಳುಗಿದ ಸುದ್ದಿ ಒಂದು ಸೋಮವಾರ ಬೆಳಗಿನ ಟಪಾಲಿನಲ್ಲಿ ಬಂತು.

ಸಾಹುಕಾರರಲ್ಲಿ ಒಂದು ಕಟ್ಟಳೆಯಿತ್ತು. ದಿವಾಳಿಯಾದ ಯಜಮಾನ ತಾನು ಕೂತು ವ್ಯವಹಾರ ಮಾಡುವ ಗಾದಿ ಮಗುಚಿ, ಪೇಢಿಯ ಹೊಸ್ತಿಲಲ್ಲಿ ಹಾಡಹಗಲೇ ದೀಪ ಹಚ್ಚಿಡಬೇಕು. ದೀಪ ಕಂಡೊಡನೆ ಪಂಚರು ಬಂದು, ಉಳಿದದ್ದನ್ನು ದೊಡ್ಡವರು ಸಣ್ಣವರೆನ್ನದೆ ಅವರವರ ಗಂಟಿಗೆ ತಕ್ಕಂತೆ ಹಂಚುತ್ತಿದ್ದರು. ಹಚ್ಚಿದವನ ಮಾತಿಗೆ ಮಾತ್ರ ಮುಂದೆಂದೂ ಬೆಲೆಯಿರುತ್ತಿರಲಿಲ್ಲ. ವಿರೂಪಣ್ಣ ಅಂದೇ ಹಣತೆಗೆ ಎಣ್ಣೆ ಹೊಯ್ದ. ತಾಯಿ ಬಸಲಿಂಗವ್ವ ಅಡ್ಡ ಬಂದು ತನ್ನ ಬಂಗಾರವನ್ನೆಲ್ಲ ಬಿಚ್ಚಿ ಮುಂದಿಟ್ಟಳು. ಮೂರು ತಲೆಮಾರಿನ ಹೆಸರು, ಒಂದು ವಾರ ತಡೆ ಎಂದಳು. ಅವನು ತಡೆದ.

ಆದರೆ ಸುದ್ದಿ ಇನಾಮದಾರರ ಕಿವಿಗೆ ಬಿದ್ದಿತ್ತು. ಅವರು ಒಬ್ಬೊಬ್ಬರಾಗಿ ಬಂದು, ನಗುನಗುತ್ತಾ ಕ್ಷೇಮ ವಿಚಾರಿಸಿ, ತಮ್ಮ ಗಂಟು ಕೇಳಿದರು. ಇಲ್ಲವೆಂದರೆ ಗುಟ್ಟು ರಟ್ಟಾದೀತೆಂದು ವಿರೂಪಣ್ಣನೂ ನಗುನಗುತ್ತಾ ಎಣಿಸಿ ಕೊಟ್ಟ. ಎಂಟನೆಯ ದಿನ ತಿಜೋರಿಯ ತಳ ಕಂಡಿತು. ತಾಯಿಯ ಬಂಗಾರವೂ ಕರಗಿತ್ತು. ಅಂದು ನಡುಮಧ್ಯಾಹ್ನ ಅವನು ದೀಪ ಹಚ್ಚಿದ. ಪಂಚರು ಬಂದು ನೋಡಿದರೆ ಹಂಚಲು ಏನೂ ಇರಲಿಲ್ಲ.

ಓಡಿ ಬಂದವರಲ್ಲಿ ನೇಕಾರರ ಓಣಿಯ ವಿಧವೆ ಹುಲಿಗೆವ್ವಳೂ ಇದ್ದಳು. ಮಗಳ ಮದುವೆಗೆಂದು ಹನ್ನೊಂದು ವರ್ಷ ನೂತು ಕೂಡಿಸಿದ್ದು ಆ ಪೇಢಿಯಲ್ಲಿತ್ತು. ಉಳಿದವರು ಮಣ್ಣು ತೂರಿದರು, ಅವಳು ತೂರಲಿಲ್ಲ. ಹೊಸ್ತಿಲ ಮುಂದೆ ಕೂತು ದೀಪವನ್ನೇ ಬಹಳ ಹೊತ್ತು ನೋಡಿದಳು.

"ಎಂಟು ದಿನ ಮೊದಲ ಹಚ್ಚಿದ್ರ ನನಗೂ ರೂಪಾಯಿಗೆ ನಾಕಾಣೆ ಸಿಗ್ತಿತ್ತಲ್ರಿ, ಸಾವಕಾರ್ರ," ಎಂದಳು.

ಅವಳ ಮಗಳಿಗೆ ಮದುವೆಯಾಗಲಿಲ್ಲ. ಬಸಲಿಂಗವ್ವ ಆ ವರ್ಷವೇ ತೀರಿಕೊಂಡಳು. ವಿರೂಪಣ್ಣನ ಮಕ್ಕಳು ಕಣಗಲಿ ಎಂಬ ಹೆಸರನ್ನೇ ಬಿಟ್ಟು ದೇಶಾಂತರ ಹೋದರು. ಅವನೊಬ್ಬ ಈ ದಿಬ್ಬದ ಮೇಲೆ ಗುಡಿಸಲು ಹಾಕಿ, ತನ್ನ ಕೈಯಾರೆ ಈ ಗೂಡು ಕಟ್ಟಿ, ದಿನವೂ ಮಧ್ಯಾಹ್ನ ಪೇಟೆಗೆ ಕಾಣುವಂತೆ ದೀಪ ಹಚ್ಚತೊಡಗಿದ. ಉರಿಬಿಸಿಲಿನಲ್ಲಿ ಆ ದೀಪ ಪೇಟೆಗೆಲ್ಲಿ ಕಂಡೀತು? ನೇಕಾರರ ಓಣಿಯಿಂದ ಒಬ್ಬರಾದರೂ ಬಂದಾರೆಂದು ಕಾಯುತ್ತಿದ್ದನಂತೆ. ಹತ್ತೊಂಬತ್ತು ವರ್ಷ ಹಚ್ಚಿದ, ಯಾರೂ ಬರಲಿಲ್ಲ. ಸತ್ತ ದಿನ ಯಾವುದೆಂಬುದೂ ಯಾರಿಗೂ ತಿಳಿಯದು. ಹೆಣವನ್ನು ಕುರುಬರು ಮಣ್ಣು ಮಾಡಿದರು ಎನ್ನುತ್ತಾರೆ.

ಈಗ ಗೂಡಿನೊಳಗೆ ಹಣತೆಯಿಲ್ಲ, ಮಸಿಯ ಗುರುತೂ ಅಳಿಸಿದೆ. ದಾರಿಹೋಕರು ಯಾವುದೋ ದೇವರೆಂದು ಚಪ್ಪಲಿ ಬಿಟ್ಟು ಕೈಮುಗಿಯುವುದುಂಟು. ಕುರಿ ಮೇಯಿಸುವವರು ದೂರದಿಂದಲೇ ಕೂಗಿ ಹೇಳುತ್ತಾರೆ, ಒಳಗೆ ಏನೂ ಇಲ್ಲವೆಂದು.